ರೋಡಲ್ಲಿ ನೀರು ಹರೀತಿದ್ಯಾ? ಮೊದಲು ಅದು ಯಾವ ನೀರು ಅಂತ ಕಂಡುಹಿಡೀರಿ: ಚಿಕ್ಕಮಗಳೂರಿನವರಿಗೆ ಒಂದು ಗೈಡ್

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮೂರಿನ ಬಡಾವಣೆ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಒಂದೇ ಥರದ ಫೋಟೋ. ರೋಡ್ ಮೇಲೆ ನೀರು, ಕೆಳಗೆ "ಹೇಳೋರು ಕೇಳೋರು ಯಾರೂ ಇಲ್ಲ" ಅಂತ ಒಂದು ಲೈನು, ಅದಕ್ಕೊಂದಿಷ್ಟು ಜನ ಕೈಮುಗಿಯೋ ಎಮೋಜಿ. ಆ ಫೋಟೋ ಇಟ್ಕೊಂಡು ಯಾರೂ ಏನೂ ಮಾಡಕ್ಕಾಗಲ್ಲ ಮಾರಾಯ್ರೆ, ಯಾಕಂದ್ರೆ ಅದು ಕುಡಿಯೋ ನೀರಿನ ಪೈಪ್ ಒಡೆದಿದ್ದಾ, ಯುಜಿಡಿ (ನೆಲದಡಿ ಹಾಕಿರೋ ಕೊಳಚೆ ಪೈಪ್) ಉಕ್ಕಿದ್ದಾ, ಇಲ್ಲ ಮಳೆನೀರಿಗೆ ಹೋಗಕ್ಕೆ ದಾರಿ ಇಲ್ದೆ ನಿಂತಿದ್ದಾ ಅಂತಾನೇ ಅದರಲ್ಲಿ ಗೊತ್ತಾಗಲ್ಲ. ಮೂರಕ್ಕೂ ಬರೋ ಜನ ಬೇರೆ, ತರೋ ಮಷಿನ್ ಬೇರೆ, ದುಡ್ಡು ಬರೋ ಲೆಕ್ಕಾನೂ ಬೇರೆ. ನಲ್ಲಿ ನೀರು ಬಿಡೋ ವಾಲ್ವ್‌ಮನ್‌ಗೆ ಫೋನ್ ಮಾಡಿ ಚರಂಡಿ ಬಗ್ಗೆ ಬೈದ್ರೆ ಅವನು ತಾನೇ ಏನ್ ಮಾಡ್ತಾನೆ?

ಅದಕ್ಕೇ ಇದನ್ನ ಬರೀತಿರೋದು. ಊರಿನ ನೀರು, ಯುಜಿಡಿ, ಮಳೆಚರಂಡಿ ಈ ಮೂರೂ ಹೆಂಗೆ ನಡೆಯುತ್ತೆ ಅಂತ ಒಂಚೂರು ಗೊತ್ತಿದ್ರೆ ನಿಮ್ಮ ದೂರು ನೇರವಾಗಿ ಹೋಗಬೇಕಾದ ಟೇಬಲ್ಲಿಗೇ ಹೋಗುತ್ತೆ. ಹಾಸನದವರಿಗೂ ಇದರಲ್ಲಿ ಮುಕ್ಕಾಲು ಭಾಗ ಹಂಗೇ ಅನ್ವಯಿಸುತ್ತೆ, ಅವರು ಹೇಮಾವತಿ ಕುಡೀತಾರೆ ನಾವು ಯಗಚಿ ಕುಡೀತೀವಿ ಅಷ್ಟೇ ವ್ಯತ್ಯಾಸ.

ನಲ್ಲಿಗೆ ಬರೋ ನೀರು

ನಮ್ಮೂರಿಗೆ ನೀರು ಬರೋದು ಮುಖ್ಯವಾಗಿ ಬೇಲೂರಿನ ಯಗಚಿ ಡ್ಯಾಮಿಂದ ಮತ್ತೆ ಗಿರಿ ತಪ್ಪಲಿನ ಹಿರೇಕೊಳಲೆ ಕೆರೆಯಿಂದ, ಜೊತೆಗೆ ಅಲ್ಲಲ್ಲಿ ಬೋರ್‌ವೆಲ್. ಬೇಲೂರು ನಮಗಿಂತ ತಗ್ಗಲ್ಲಿದೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಿಂದ ನೀರನ್ನ ಮೇಲಕ್ಕೆ ಎತ್ತಿ ತರಬೇಕು, ಅಂದ್ರೆ ಇಡೀ ವ್ಯವಸ್ಥೆ ನಿಂತಿರೋದು ಕರೆಂಟ್ ಮೇಲೆ. ಮಳೆಗಾಲದಲ್ಲಿ ಡ್ಯಾಮ್ ತುಂಬಿ ಕೋಡಿ ಬೀಳ್ತಿದ್ರೂ ನಿಮ್ಮ ನಲ್ಲೀಲಿ ನೀರಿಲ್ಲ ಅಂದ್ರೆ ಕಾರಣ ಹೆಚ್ಚಾಗಿ ಇದೇ, ಎಲ್ಲೋ ಮರ ಬಿದ್ದು ಲೈನ್ ಹೋಗಿರುತ್ತೆ, ಪಂಪ್ ನಿಂತಿರುತ್ತೆ. ಮತ್ತೆ ಕರೆಂಟ್ ಬಂದ ತಕ್ಷಣ ನೀರು ಬರಲ್ಲ, ಖಾಲಿಯಾದ ದೊಡ್ಡ ಪೈಪ್ ಮೊದಲು ತುಂಬಬೇಕು, ಆಮೇಲೆ ಶುದ್ಧೀಕರಣ ಘಟಕ, ಅಲ್ಲಿ ಆಲಂ ಹಾಕಿ ಮಣ್ಣು ಕೂರಿಸಿ ಮರಳಲ್ಲಿ ಸೋಸಿ ಕ್ಲೋರಿನ್ ಹಾಕಬೇಕು, ಆಮೇಲೆ ಓವರ್‌ಹೆಡ್ ಟ್ಯಾಂಕ್ ತುಂಬಬೇಕು, ಆಮೇಲೆ ವಾಲ್ವ್. ಒಂದು ಸಂಜೆ ಕರೆಂಟ್ ಹೋದ್ರೆ ನೀರಿನ ಟೈಮ್‌ಟೇಬಲ್ ಸರಿ ಹೋಗೋದಕ್ಕೆ ಎರಡು ದಿನ ಬೇಕು ಅಂತ ವಾಲ್ವ್‌ಮನ್ ಹೇಳಿದ್ರೆ ಅದು ನೆಪ ಅಲ್ಲ.

ಆ ವಾಲ್ವ್‌ಮನ್ ಜೊತೆ ಒಂದ್ಸಲ ನಿಂತು ಮಾತಾಡಿ. ಟಿ ಆಕಾರದ ಉದ್ದದ ಕಬ್ಬಿಣದ ಕೀ ಹೆಗಲ ಮೇಲೆ ಹಾಕ್ಕೊಂಡು ಬೈಕಲ್ಲಿ ಬರ್ತಾರಲ್ಲ ಅವರೇ. ರೋಡ್ ಪಕ್ಕದ ಸಣ್ಣ ಚೇಂಬರ್ ಮುಚ್ಚಳ ಎತ್ತಿ ಕೀ ಇಳಿಸಿ ತಿರುಗಿಸ್ತಾರೆ, ಎಷ್ಟು ಸುತ್ತು ತಿರುಗಿಸಿದ್ರೆ ಕೊನೇ ಮನೆಗೆ ನೀರು ಹತ್ತುತ್ತೆ ಅನ್ನೋದು ಅವರ ಕೈಗೆ ಗೊತ್ತಿರುತ್ತೆ, ಯಾವ ಕಾಗದದಲ್ಲೂ ಇರಲ್ಲ. ನಮ್ಮ ಕಡೆ ಬರೋರನ್ನ ಕೇಳಿದೆ, "ಅಣ್ಣಾ, ನಮ್ಮ ಲೈನ್ ಯಾವ ಟ್ಯಾಂಕಿಂದು?" ಅಂತ. "ಮೇಲಿನ ಟ್ಯಾಂಕ್‌ದು ಸಾರ್, ಆದ್ರೆ ನಿಮ್ಮ ಬೀದಿ ಅರ್ಧ ಮಾತ್ರ. ಆ ಕಡೆ ಆರು ಮನೆ ಕೆಳಗಿನ ಲೈನಿಗೆ ಕೊಟ್ಟಿದಾರೆ, ಅದಕ್ಕೇ ಅವರಿಗೆ ಬಂದ ದಿನ ನಿಮಗೆ ಬರಲ್ಲ" ಅಂದ್ರು. ಎಷ್ಟೋ ಕಾಲದಿಂದ "ಅವರ ಮನೆಗೆ ಮಾತ್ರ ನೀರು ಬಿಡ್ತಾರೆ" ಅಂತ ಇದ್ದ ಜಗಳಕ್ಕೆ ಉತ್ತರ ಇಷ್ಟೇ ಆಗಿತ್ತು. ನೀವೂ ಕೇಳಿ ಇಟ್ಕೊಳ್ಳಿ: ಯಾವ ಟ್ಯಾಂಕ್, ಯಾವ ವಾಲ್ವ್, ಯಾವ ದಿನ, ಎಷ್ಟು ಹೊತ್ತು. ದೂರು ಕೊಡುವಾಗ ಇದೇ ಕೆಲಸಕ್ಕೆ ಬರೋದು.

ನೀರು ಇಪ್ಪತ್ನಾಲ್ಕು ಗಂಟೆ ಬರದೇ ಇರೋದ್ರಿಂದ ಇನ್ನೊಂದು ತೊಂದರೆ ಇದೆ, ಇದನ್ನ ಜನ ಗಮನಿಸೋದೇ ಇಲ್ಲ. ಪೈಪಲ್ಲಿ ನೀರು ತುಂಬಿ ಒತ್ತಡ ಇದ್ದಾಗ ಸಣ್ಣ ಬಿರುಕಲ್ಲಿ ನೀರು ಹೊರಗೆ ಬರುತ್ತೆ. ಸಪ್ಲೈ ನಿಂತಾಗ ಪೈಪ್ ಖಾಲಿ, ಆಗ ಅದೇ ಬಿರುಕಿಂದ ಹೊರಗಿನ ಕೊಳಕು ಒಳಗೆ ಎಳ್ಕೊಳ್ಳುತ್ತೆ. ಪಕ್ಕದಲ್ಲೇ ಚರಂಡಿ ಇದ್ರೆ, ನಮ್ಮಲ್ಲಿ ಎಷ್ಟೋ ಮನೆಗಳ ನಲ್ಲಿ ಪೈಪ್ ಚರಂಡಿ ಒಳಗಿಂದಾನೇ ದಾಟಿ ಬಂದಿರುತ್ತೆ, ಏನು ಒಳಗೆ ಹೋಗುತ್ತೆ ಅಂತ ನೀವೇ ಯೋಚನೆ ಮಾಡಿ. ಅದಕ್ಕೇ ನೀರು ಬಿಟ್ಟ ತಕ್ಷಣ ಮೊದಲ ಒಂದೆರಡು ಬಕೆಟ್ ಗಿಡಕ್ಕೆ, ಬಟ್ಟೆಗೆ ಇಟ್ಕೊಳ್ಳಿ, ಸಂಪಿಗೆ ಬಿಡಬೇಡಿ. ಇನ್ನು ನಲ್ಲಿ ಲೈನಿಗೇ ಡೈರೆಕ್ಟಾಗಿ ಮೋಟಾರ್ ಹಾಕಿ ಎಳೆಯೋರು ಇದಾರಲ್ಲ, ಅವರು ಪಕ್ಕದ ಮನೆ ನೀರು ಮಾತ್ರ ಎಳೆಯೋದಲ್ಲ, ಪಕ್ಕದ ಚರಂಡಿ ನೀರನ್ನೂ ತಮ್ಮ ಸಂಪಿಗೇ ಎಳ್ಕೊತಾರೆ. ನಿಯಮದ ಪ್ರಕಾರ ಅದು ತಪ್ಪು ಅನ್ನೋದು ಇರಲಿ, ಮೊದಲು ಹೊಟ್ಟೆ ಕೆಡೋದು ಅವರದೇ.

ಯಾವ ನೀರು ಅಂತ ಹೆಂಗೆ ಗೊತ್ತು ಮಾಡ್ಕೊಳ್ಳೋದು

ರೋಡಲ್ಲಿ ನೀರು ಕಂಡ್ರೆ ಮೊದಲು ಟೈಮ್ ನೋಡಿ. ನೀರು ಬಿಡೋ ದಿನ ಮಾತ್ರ ಚಿಮ್ಮಿ ಅಥವಾ ಒಸರಿ, ಬಂದ್ ಮಾಡಿದ ಮೇಲೆ ಒಂದೆರಡು ಗಂಟೇಲಿ ನಿಂತುಹೋದ್ರೆ ಅದು ಕುಡಿಯೋ ನೀರಿನ ಪೈಪ್ ಲೀಕೇಜ್, ಅನುಮಾನಾನೇ ಬೇಡ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಜಾಸ್ತಿಯಾಗಿ, ಮಧ್ಯಾಹ್ನ ಇಳಿದು, ಮತ್ತೆ ರಾತ್ರಿ ಊಟದ ಹೊತ್ತಿಗೆ ಏರಿದ್ರೆ ಅದು ಯುಜಿಡಿ, ಯಾಕಂದ್ರೆ ಅದು ಜನರ ಸ್ನಾನ, ಪಾತ್ರೆ, ಟಾಯ್ಲೆಟ್ ಟೈಮಿಗೆ ಸರಿಯಾಗಿ ಹರಿಯೋದು. ವಾಸನೆ ಅಂತೂ ಇದ್ದೇ ಇರುತ್ತೆ, ಆದ್ರೆ ಜೋರು ಮಳೇಲಿ ವಾಸನೆ ಗೊತ್ತಾಗಲ್ಲ, ಬೂದು ಬಣ್ಣ ಮತ್ತೆ ಸೋಪಿನ ನೊರೆ ನೋಡಿ.

ಮೂರನೇದು ಮಳೆನೀರು, ಅದು ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಮಲೆನಾಡಲ್ಲಿ ನಾಲ್ಕನೇದೂ ಒಂದಿದೆ, ಬಯಲುಸೀಮೆಯೋರಿಗೆ ಇದರ ಪರಿಚಯ ಇಲ್ಲ, ಅದು ಜಲ. ಪುನರ್ವಸು, ಪುಷ್ಯ ಮಳೆ ಸರಿಯಾಗಿ ಹಿಡೀತು ಅಂದ್ರೆ ನೆಲದಲ್ಲಿ ನೀರು ತುಂಬಿ ಎಲ್ಲಿಬೇಕಲ್ಲಿ ಜಲ ಏಳುತ್ತೆ, ಸಂಪಿನ ಗೋಡೇಲಿ, ಕಾಂಪೌಂಡ್ ಬುಡದಲ್ಲಿ, ರೋಡ್ ಮಧ್ಯದಲ್ಲೂ. ಮಳೆ ನಿಂತು ಮೂರು ದಿನ ಆದ್ರೂ ಸಣ್ಣಗೆ ಒಂದೇ ಸಮ ತಿಳಿ ನೀರು ಹರೀತಿರುತ್ತೆ. ಜನ ಇದನ್ನ ಪೈಪ್ ಒಡೆದಿದೆ ಅಂತ ದೂರು ಕೊಡ್ತಾರೆ, ಅವರು ಬಂದು ರೋಡ್ ಅಗೀತಾರೆ, ಪೈಪ್ ಗಟ್ಟಿಯಾಗೇ ಇರುತ್ತೆ, ಅಗೆದ ಗುಂಡಿ ಮಾತ್ರ ಉಳಿಯುತ್ತೆ.

ಪೈಪಿನ ನೀರಾ ಜಲವಾ ಅಂತ ಗೊತ್ತು ಮಾಡ್ಕೊಳ್ಳೋಕೆ ಒಂದು ಸುಲಭದ ದಾರಿ ಇದೆ, ಓಟಿ ಕಿಟ್, ಅಂದ್ರೆ ನೀರಲ್ಲಿ ಕ್ಲೋರಿನ್ ಇದ್ಯಾ ಅಂತ ನೋಡೋ ಕಿಟ್. ನೀರು ಪರೀಕ್ಷೆಗೆ ಆರೋಗ್ಯ ಇಲಾಖೆಯೋರು, ವಾಟರ್ ಸಪ್ಲೈಯೋರು ತರ್ತಾರಲ್ಲ, ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಮತ್ತೆ ಒಂದು ಡ್ರಾಪರ್ ಬಾಟ್ಲಿ, ಅದೇ. ಆನ್‌ಲೈನಲ್ಲೂ ಕ್ಲೋರಿನ್ ಟೆಸ್ಟ್ ಕಿಟ್ ಅಂತ ಸಿಗುತ್ತೆ, ಸ್ವಿಮ್ಮಿಂಗ್ ಪೂಲ್‌ಗೆ ಅಂತ ಮಾರ್ತಾರೆ. ಟ್ಯೂಬಲ್ಲಿ ಗೆರೆವರೆಗೆ ನೀರು ತುಂಬಿ, ಕಿಟ್‌ನಲ್ಲಿ ಹೇಳಿದಷ್ಟು ಹನಿ ಹಾಕಿ, ಮುಚ್ಚಿ ಅಲ್ಲಾಡಿಸಿ, ಬಿಳಿ ಹಾಳೆ ಮುಂದೆ ಹಿಡಿದು ನೋಡಿ. ಹಳದಿ ಬಂದ್ರೆ ಕ್ಲೋರಿನ್ ಇದೆ, ಅಂದ್ರೆ ಅದು ನಲ್ಲಿ ನೀರು. ಜಲದ ನೀರಿಗೆ ಬಣ್ಣ ಬರಲ್ಲ. ಬಣ್ಣ ಬರಲಿಲ್ಲ ಅಂದ ಮಾತ್ರಕ್ಕೆ ನಲ್ಲಿ ನೀರಲ್ಲ ಅಂತ ಖಂಡಿತ ಹೇಳಕ್ಕಾಗಲ್ಲ, ಲೈನಿನ ತುದಿಗೆ ಬರೋ ಹೊತ್ತಿಗೆ ಕ್ಲೋರಿನ್ ಮುಗಿದಿರಬಹುದು. ಟೆಸ್ಟ್ ಮಾಡಿದ ನೀರನ್ನ ಚೆಲ್ಲಿಬಿಡಿ, ಬಾಟ್ಲಿ ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ, ಅದು ಒಳ್ಳೇ ಕೆಮಿಕಲ್ ಏನಲ್ಲ.

ಇದೇ ಕಿಟ್ ನಿಮ್ಮ ಅಡುಗೆಮನೆ ನಲ್ಲಿಗೂ ಉಪಯೋಗ. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಬಳಕೆದಾರರ ತುದೀಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ವೈರಸ್ ಸೋಂಕಿನ ಭಯ ಇದ್ದಾಗ 0.5. "ನೀರು ಬ್ಲೀಚಿಂಗ್ ವಾಸನೆ ಹೊಡೀತಿದೆ" ಅಂತ ಬೇಜಾರು ಮಾಡ್ಕೊಳ್ಳೋರು ಜಾಸ್ತಿ, ನನ್ನ ಪ್ರಕಾರ ಚೂರೂ ವಾಸನೆ ಇಲ್ದಿರೋ ದಿನಾನೇ ಭಯಪಡಬೇಕು.

ಯುಜಿಡಿ: ಎಲ್ಲಿ ಕಟ್ಟಿದೆ ಅಂತ ನಿಂತಲ್ಲೇ ಹೇಳಬಹುದು

ಯುಜಿಡಿ ಪೈಪಲ್ಲಿ ಪಂಪ್ ಒತ್ತಡ ಇರಲ್ಲ, ಇಳಿಜಾರಲ್ಲಿ ತಾನಾಗೇ ಹರಿದು ಹೋಗಬೇಕು. ಮನೆ ಚೇಂಬರಿಂದ ಬೀದಿ ಮ್ಯಾನ್‌ಹೋಲ್, ಅಲ್ಲಿಂದ ಮುಂದಿನ ಮ್ಯಾನ್‌ಹೋಲ್, ಹೀಗೆ ತಗ್ಗು ಹುಡುಕ್ಕೊಂಡು ಹೋಗಿ ಕೊನೆಗೆ ವೆಟ್‌ವೆಲ್ ಅನ್ನೋ ಕೊಳಚೆ ಸೇರೋ ಬಾವಿ, ಅಲ್ಲಿ ಪಂಪ್ ಮಾಡಿ ಎಸ್‌ಟಿಪಿಗೆ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ. ಬೀದಿ ಪೈಪ್ ಸಾಮಾನ್ಯವಾಗಿ ಆರು ಇಂಚಿಂದ ಶುರು, ಅದಕ್ಕಿಂತ ಸಣ್ಣದು ಹಾಕಲ್ಲ. ನೀರು ಒಂದು ವೇಗದಲ್ಲಿ, ಸೆಕೆಂಡಿಗೆ ಸುಮಾರು 0.6 ಮೀಟರ್ ಆದ್ರೂ ಹರೀಬೇಕು, ಇಲ್ದಿದ್ರೆ ಗಟ್ಟಿ ಪದಾರ್ಥ ತಳದಲ್ಲೇ ಕೂತ್ಕೊಳ್ಳುತ್ತೆ.

ಉಕ್ಕಿದಾಗ ಹೀಗೆ ನೋಡಿ. ನಿಮ್ಮ ಕಾಂಪೌಂಡ್ ಒಳಗಿನ ಚೇಂಬರ್ ತುಂಬಿದೆ, ಆದ್ರೆ ಬೀದಿ ಮ್ಯಾನ್‌ಹೋಲ್ ಆರಾಮಾಗಿ ಹರೀತಿದೆ ಅಂದ್ರೆ ಕಟ್ಟಿರೋದು ನಿಮ್ಮ ಮನೆ ಪೈಪು, ಅದನ್ನ ನಿಮ್ಮ ಪ್ಲಂಬರ್ ಕರೆಸಿ ನೀವೇ ಮಾಡಿಸ್ಕೋಬೇಕು. ಬೀದಿ ಮ್ಯಾನ್‌ಹೋಲ್ ತುಂಬಿದೆ, ಅದರ ಕೆಳಗಿನದು ಖಾಲಿ ಅಂದ್ರೆ ಬ್ಲಾಕ್ ಇರೋದು ಆ ಎರಡರ ಮಧ್ಯೆ, ಜೋರಾಗಿ ನೀರು ಹೊಡೆದು ಪೈಪ್ ಬಿಡಿಸೋ ಜೆಟ್ಟಿಂಗ್ ಮಷಿನ್ ಬಂದ್ರೆ ಅರ್ಧ ಗಂಟೆ ಕೆಲಸ. ಸಾಲಾಗಿ ಎಲ್ಲಾ ಮ್ಯಾನ್‌ಹೋಲ್ ತುಂಬಿದ್ರೆ ತೊಂದರೆ ನಿಮ್ಮ ಬೀದೀದಲ್ಲ, ಕೆಳಗೆಲ್ಲೋ ದೊಡ್ಡ ಲೈನ್ ಕಟ್ಟಿದೆ ಇಲ್ಲಾ ವೆಟ್‌ವೆಲ್ ಪಂಪ್ ನಿಂತಿದೆ. ಈ ಒಂದು ಮಾತನ್ನ ದೂರಲ್ಲಿ ಸೇರಿಸಿದ್ರೆ ಇಂಜಿನಿಯರಿಗೆ ನೀವು ವಿಷಯ ಗೊತ್ತಿದ್ದು ಮಾತಾಡ್ತಿದೀರಿ ಅಂತ ಅರ್ಥ ಆಗುತ್ತೆ.

ಆದ್ರೆ ಒಂದು ಕಂಡೀಷನ್. ಬೀದಿ ಮ್ಯಾನ್‌ಹೋಲ್ ಮುಚ್ಚಳ ನೀವು ತೆಗೀಬೇಡಿ, ಬಗ್ಗಿ ನೋಡಬೇಡಿ, ಹತ್ರ ಬೀಡಿ ಸಿಗರೇಟ್ ಹಚ್ಚಬೇಡಿ. ಒಳಗಿರೋ ಗ್ಯಾಸ್ ಜೀವ ತೆಗೆಯುತ್ತೆ. ಮಷಿನ್ ಜೊತೆ ಬಂದೋರು ತೆಗೀತಾರೆ, ಆಗ ದೂರದಿಂದ ನೋಡಿ ಬರ್ಕೊಳ್ಳಿ. ಮತ್ತೆ ಯಾರನ್ನೂ, ಎಷ್ಟೇ ಅರ್ಜೆಂಟ್ ಇರಲಿ, ಎಷ್ಟೇ ದುಡ್ಡು ಕೊಡ್ತೀನಿ ಅಂದ್ರೂ, ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಸುರಕ್ಷತೆ ಇಲ್ದೆ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಆಗಬಹುದು. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಲ್ಲಿ ಹೇಳಿದೆ. "ಮನೆ ಓನರ್ ನಾನು, ನನಗೇನು ಸಂಬಂಧ" ಅಂತ ತಪ್ಪಿಸ್ಕೊಳ್ಳಕ್ಕೆ ಆಗಲ್ಲ, ಕೆಲಸಕ್ಕೆ ಇಳಿಸಿದ ಯಾರಿಗಾದ್ರೂ ಈ ಕಾಯ್ದೆ ತಗಲುತ್ತೆ.

ಪೈಪ್ ಕಟ್ಟೋದು ಯಾಕೆ ಅಂದ್ರೆ, ಮಷಿನ್ ಬಾಯಿಂದ ಹೊರಗೆ ಬಂದಿದ್ದನ್ನ ಒಂದ್ಸಲ ನೋಡಿದ್ರೆ ಸಾಕು. ಪ್ಯಾಡು, ಮಕ್ಕಳ ಡೈಪರ್, ಕೂದಲು, ಹೋಟೆಲ್‌ನ ಎಣ್ಣೆ ಜಿಡ್ಡು ಬಿಳೀ ಕಲ್ಲಿನ ಥರ ಗಟ್ಟಿಯಾಗಿರುತ್ತೆ, ಪಾತ್ರೆ ತಿಕ್ಕೋ ನಾರು, ಮನೆ ಕಟ್ಟೋರು ತೊಳೆದುಬಿಟ್ಟ ಸಿಮೆಂಟ್. ಇದರಲ್ಲಿ ಯಾವುದೂ ಪೈಪ್ ತಪ್ಪಲ್ಲ.

ಎಲ್ಲದಕ್ಕಿಂತ ದೊಡ್ಡ ತಪ್ಪು: ತಾರಸಿ ನೀರನ್ನ ಯುಜಿಡಿಗೆ ಬಿಡೋದು

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಮನೆ ಕಟ್ಟುವಾಗ ಮೇಸ್ತ್ರಿ "ಚರಂಡಿವರೆಗೆ ಪೈಪ್ ಎಳೆಯೋದು ದೂರ ಸಾರ್, ಇಲ್ಲೇ ಚೇಂಬರಿಗೆ ಕೊಟ್ಟುಬಿಡ್ತೀನಿ" ಅಂತಾನೆ, ನಾವು ಹ್ಞೂಂ ಅಂತೀವಿ. ಈಗ ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿ ಅಂದ್ರೆ ಸುಮಾರು 93 ಚದರ ಮೀಟರ್. ನಮ್ಮೂರಲ್ಲಿ ಒಂದು ಒಳ್ಳೇ ಮಳೆಗೆ 50 ಮಿ.ಮೀ. ಬೀಳೋದು ದೊಡ್ಡ ವಿಷಯ ಏನಲ್ಲ, ಅಷ್ಟಾದ್ರೆ ಒಂದು ಮನೆ ತಾರಸಿಯಿಂದ 4,650 ಲೀಟರ್. ಇನ್ನೊಂದು ಕಡೆ, ಯುಜಿಡಿ ಇರೋ ಊರಿಗೆ ಕೇಂದ್ರದ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80ರಷ್ಟು ವಾಪಸ್ ಯುಜಿಡಿಗೆ ಬರುತ್ತೆ ಅಂತ ಲೆಕ್ಕ ಹಿಡಿದು ಪೈಪ್ ಹಾಕ್ತಾರೆ. ನಾಲ್ಕು ಜನರ ಮನೆಯಿಂದ ದಿನಕ್ಕೆ 432 ಲೀಟರ್. ಅಂದ್ರೆ ಒಂದು ಸಂಜೆ ಮಳೇಲಿ ನಿಮ್ಮ ತಾರಸಿ ಯುಜಿಡಿಗೆ ನೂಕೋದು ನಿಮ್ಮ ಮನೆಯ ಹತ್ತು ದಿನಕ್ಕಿಂತ ಜಾಸ್ತಿ ಕೊಳಚೆಯಷ್ಟು ನೀರು! ಬೀದೀಲಿ ಹತ್ತು ಮನೆ ಹೀಗೆ ಮಾಡಿದ್ರೆ ಪೈಪ್ ಎಲ್ಲಿ ತಡೆಯುತ್ತೆ? ಮ್ಯಾನ್‌ಹೋಲ್ ಮುಚ್ಚಳ ಎದ್ದು, ಎಲ್ಲರ ಮನೆ ಕೊಳಕು ತಗ್ಗಲ್ಲಿರೋ ಮನೆಯೋರ ಬಚ್ಚಲಲ್ಲಿ ಮೇಲೆ ಬರುತ್ತೆ. ತಗ್ಗಲ್ಲಿರೋರು ಬೈಯೋದು ನಗರಸಭೆಗೆ, ನೀರು ಬಿಟ್ಟಿರೋರು ಮೇಲಿನ ಮನೆಯೋರು.

ನಿಮ್ಮ ಮನೇದು ಹೆಂಗಿದೆ ಅಂತ ನೋಡೋದು ಸುಲಭ. ಮಳೆ ಇಲ್ದಿರೋ ದಿನ ತಾರಸಿಗೆ ಎರಡು ಬಕೆಟ್ ನೀರಿಗೆ ಸ್ವಲ್ಪ ಅರಿಶಿನ ಕದಡಿ ಸುರೀರಿ, ಕೆಳಗೆ ಒಬ್ಬರು ಚೇಂಬರ್ ತೆಗೆದು ನಿಂತಿರಲಿ. ಹಳದಿ ನೀರು ಚೇಂಬರಿಗೆ ಬಂದ್ರೆ ಪೈಪ್ ಕಡಿಸಿ ಬೀದಿ ಚರಂಡಿಗೋ, ಅದಕ್ಕಿಂತ ಒಳ್ಳೇದು ಅಂದ್ರೆ ಒಂದು ಇಂಗುಗುಂಡಿಗೋ, ಸಂಪಿಗೋ ಕೊಡಿ. ಜಲ ಏಳೋ ಜಾಗದಲ್ಲಿ ಇಂಗುಗುಂಡಿ ಮಾಡ್ಸಿ ದುಡ್ಡು ದಂಡ ಮಾಡಬೇಡಿ, ಮಳೆಗಾಲದಲ್ಲಿ ಅದು ಇಂಗಲ್ಲ, ತುಂಬಿ ನಿಲ್ಲುತ್ತೆ. ಅಂಥ ಕಡೆ ಸಂಪಿಗೆ ಹಿಡಿಯೋದೇ ಸರಿ, ಮೊದಲ ಮಳೆ ನೀರನ್ನ ಹೊರಗೆ ಬಿಟ್ಟು ಆಮೇಲೆ ಫಿಲ್ಟರ್ ಮೂಲಕ.

ಉಲ್ಟಾ ತಪ್ಪೂ ಇದೆ, ಕೊಳಚೆ ಪೈಪನ್ನ ಮಳೆಚರಂಡಿಗೆ ಕೊಟ್ಟಿರೋರು. ಆ ಚರಂಡಿ ಮುಂದೆ ರಾಜಕಾಲುವೆ, ಆಮೇಲೆ ಕೆರೆ, ಕೊನೆಗೆ ಹಳ್ಳ. ಯಗಚಿ ಹುಟ್ಟೋದು ನಮ್ಮ ಗಿರಿ ಸಾಲಲ್ಲೇ, ಇಲ್ಲಿಂದ ಇಳಿದು ಬೇಲೂರಿಗೆ ಹೋಗಿ ಡ್ಯಾಮಲ್ಲಿ ನಿಲ್ಲುತ್ತೆ, ಅದೇ ನೀರನ್ನ ಪಂಪ್ ಹಾಕಿ ವಾಪಸ್ ನಮ್ಮೂರಿಗೆ ತರೋದು. ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳೋದು ಬೇಡ ಅಂದ್ಕೋತೀನಿ.

ಮಳೆಚರಂಡಿ

ಇದರಲ್ಲಿ ಟೆಕ್ನಿಕ್ ಕಮ್ಮಿ, ಟೈಮಿಂಗ್ ಜಾಸ್ತಿ. ಹೂಳು ತೆಗೆಯೋ ಕೆಲಸ ರೋಹಿಣಿ ಮಳೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ ಮುಗಿದಿರಬೇಕು, ಆರಿದ್ರಾ ಹಿಡಿದ ಮೇಲೆ ಯಾರು ಬಂದ್ರೂ ಏನೂ ಮಾಡಕ್ಕಾಗಲ್ಲ. ಅದಕ್ಕೆ ಅರ್ಜಿ ಕೊಡಬೇಕಾಗಿರೋದು ಏಪ್ರಿಲಲ್ಲಿ. ಹೆಂಗೂ ಏಪ್ರಿಲಲ್ಲಿ ಕಂದಾಯ ಕಟ್ಟಿದ್ರೆ ಶೇ. 5 ರಿಯಾಯಿತಿ ಅಂತ ಎಲ್ರೂ ಹೋಗೇ ಹೋಗ್ತೀವಲ್ಲ, ಅದೇ ದಿನ ಚರಂಡಿ ಅರ್ಜೀನೂ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ. ತೆಗೆದ ಹೂಳನ್ನ ಚರಂಡಿ ದಡದಲ್ಲೇ ಗುಡ್ಡೆ ಹಾಕಿ ಹೋದ್ರೆ ಒಪ್ಕೋಬೇಡಿ, ಮೊದಲ ಮಳೆಗೇ ಅದು ವಾಪಸ್ ಒಳಗೆ. ತೋಟದ ಪಕ್ಕದ ಬಡಾವಣೆಗಳಲ್ಲಿ ಸಿಲ್ವರ್ ಓಕ್ ಎಲೆ ಬಂದು ಮೋರಿ ಬಾಯಿಗೆ ಚಾಪೆ ಹಾಸಿದ ಹಾಗೆ ಕೂರುತ್ತೆ, ಅದನ್ನ ಮಾತ್ರ ವಾರಕ್ಕೊಮ್ಮೆ ಬೀದಿಯೋರೇ ಕುಂಟೆಯಿಂದ ಎಳೆದು ಹಾಕೋದು ಒಳ್ಳೇದು. ಇನ್ನು ಮನೆ ಗೇಟಿಗೆ ಕಾರ್ ಹತ್ತಲಿ ಅಂತ ಚರಂಡಿ ಮೇಲೆ ಕಾಂಕ್ರೀಟ್ ಹಾಕಿ ಒಳಗೆ ಒಂದು ನಾಲ್ಕಿಂಚು ಪೈಪ್ ಇಡ್ತಾರೆ ನೋಡಿ, ಅದು ಇಡೀ ಬೀದಿಗೆ ಅಣೆಕಟ್ಟು. ಕಲ್ಲು ಚಪ್ಪಡಿ ಹಾಕಿ, ಎತ್ತೋಕೆ ಬರಬೇಕು.

ಯಾರಿಗೆ ಹೇಳೋದು

ಕುಡಿಯೋ ನೀರು ಬರಲಿಲ್ಲ, ಲೀಕ್ ಆಗ್ತಿದೆ: ಮೊದಲು ವಾಲ್ವ್‌ಮನ್, ಆಮೇಲೆ ನಗರಸಭೆ ನೀರು ಸರಬರಾಜು ವಿಭಾಗದ ಜೂನಿಯರ್ ಇಂಜಿನಿಯರ್. ಯುಜಿಡಿ, ಎಸ್‌ಟಿಪಿ: ಅದೇ ನಗರಸಭೆಯ ಇಂಜಿನಿಯರಿಂಗ್ ಅಥವಾ ಪರಿಸರ ಇಂಜಿನಿಯರ್ ವಿಭಾಗ. ಚರಂಡಿ ಗುಡಿಸೋದು, ಹೂಳು, ಸೊಳ್ಳೆ: ಆರೋಗ್ಯ ನಿರೀಕ್ಷಕರು. ಚರಂಡಿ ಹೊಸದಾಗಿ ಕಟ್ಟೋದು ಮತ್ತೆ ಇಂಜಿನಿಯರ್ ಕಡೆಗೆ. ಎಲ್ಲದಕ್ಕೂ ಮೇಲೆ ಪೌರಾಯುಕ್ತರು. ವಾರ್ಡ್ ಮೆಂಬರಿಗೂ ಒಂದು ಕಾಪಿ ಕೊಡಿ, ಕೆಲಸ ಮಾಡ್ಸೋಕೆ ಅಲ್ಲ, ಮುಂದೆ ಬಜೆಟಲ್ಲಿ ನಿಮ್ಮ ಬೀದಿ ಹೆಸರು ಬರಲಿ ಅಂತ.

ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಎಲ್ಲಾನೂ ನಗರಸಭೇದಲ್ಲ. ಹೊಸ ಪೈಪ್‌ಲೈನ್, ಹೊಸ ಯುಜಿಡಿ ಥರದ ದೊಡ್ಡ ಕಾಮಗಾರಿಗಳನ್ನ ಸಾಮಾನ್ಯವಾಗಿ ಮಾಡೋದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಮಾಡಿ ಮುಗಿಸಿ ನಗರಸಭೆಗೆ ಹಸ್ತಾಂತರ ಮಾಡುತ್ತೆ. ಹಸ್ತಾಂತರ ಆಗೋ ತನಕ ಅಗೆದ ರೋಡು, ಅರ್ಧ ಆದ ಮ್ಯಾನ್‌ಹೋಲಿಗೆಲ್ಲ ಮಂಡಳಿ ಇಂಜಿನಿಯರನ್ನೇ ಹಿಡೀಬೇಕು. ಮೂಡಿಗೆರೆ ಕಡೆಯಿಂದ ಊರೊಳಗೆ ಬಂದು ಕಡೂರಿಗೆ ಹೋಗೋ ರೋಡು ರಾಷ್ಟ್ರೀಯ ಹೆದ್ದಾರಿ 173, ಅದರ ಅಕ್ಕಪಕ್ಕದ ಚರಂಡಿ, ಮೋರಿ ಹೆದ್ದಾರಿಯೋರ ಲೆಕ್ಕಕ್ಕೆ ಬರಬಹುದು, ಎರಡು ಕಡೆಗೂ ಅರ್ಜಿ ಹಾಕಿ. ಪ್ರೈವೇಟ್ ಲೇಔಟಲ್ಲಿ ಸೈಟ್ ತಗೊಂಡಿದ್ರೆ ಅದು ಹಸ್ತಾಂತರ ಆಗಿದ್ಯಾ ಕೇಳಿ, ಆಗಿಲ್ಲ ಅಂದ್ರೆ ಡೆವಲಪರ್ ತಲೆ ಮೇಲೆ. ಊರಿಗೆ ಅಂಟಿಕೊಂಡಿದ್ರೂ ಗಡಿ ಆಚೆ ಇದ್ರೆ ಗ್ರಾಮ ಪಂಚಾಯ್ತಿ.

ದೂರು ಬರೆಯೋದು ಹೀಗೆ. ವಿಶೇಷಣ ಬೇಡ, "ದಯನೀಯ ಸ್ಥಿತಿ" ಎಲ್ಲ ಬೇಡ.

"ವಿಷಯ: ಯುಜಿಡಿ ಮ್ಯಾನ್‌ಹೋಲ್ ಉಕ್ಕುತ್ತಿರುವ ಬಗ್ಗೆ. ಸ್ಥಳ: ವಾರ್ಡ್ ಇಂಥದ್ದು, ಇಂಥ ಅಡ್ಡರಸ್ತೆ, ಮೆಸ್ಕಾಂ ಕಂಬದ ನಂಬರ್ ಇಷ್ಟು. ಸೋಮವಾರ ಬೆಳಿಗ್ಗೆಯಿಂದ, ಮಳೆ ಇಲ್ಲದಿದ್ದರೂ ಉಕ್ಕುತ್ತಿದೆ. ಮೇಲಿನ ಮ್ಯಾನ್‌ಹೋಲ್ ಉಕ್ಕುತ್ತಿದೆ, ಕೆಳಗಿನದು ಉಕ್ಕುತ್ತಿಲ್ಲ. ಎರಡು ಅಡಿ ಪಕ್ಕದಲ್ಲಿ ಕುಡಿಯುವ ನೀರಿನ ಲೈನ್ ಇದೆ, ಬುಧವಾರ ನೀರು ಬಿಡುವ ದಿನ. ಜೆಟ್ಟಿಂಗ್ ಮಷಿನ್ ಕಳಿಸಿಕೊಡಿ."

ಕಂಬದ ನಂಬರ್ ಹಾಕೋದು ಮರೀಬೇಡಿ, "ಗಣಪತಿ ದೇವಸ್ಥಾನದ ಹತ್ರ" ಅಂದ್ರೆ ಊರಲ್ಲಿ ಎಷ್ಟು ಗಣಪತಿ ದೇವಸ್ಥಾನ ಇಲ್ಲ ಹೇಳಿ. ಕುಡಿಯೋ ನೀರಿನ ಲೈನ್ ಪಕ್ಕದಲ್ಲಿದೆ ಅನ್ನೋ ಮಾತಿಗೆ ತೂಕ ಜಾಸ್ತಿ, ಅದು ರೋಗ ಹರಡೋ ವಿಷಯ, ಪಕ್ಕಕ್ಕೆ ಇಡೋಕೆ ಯಾರೂ ಧೈರ್ಯ ಮಾಡಲ್ಲ. ನಗರಸಭೆ ದೂರಿಗೆ ಅಂತಾನೇ ಇರೋ ಜನಹಿತ ಆ್ಯಪಲ್ಲಿ ಹಾಕಿದ್ರೆ ದೂರಿನ ನಂಬರ್ ಸಿಗುತ್ತೆ, ನಗರಸಭೆ ಟಪಾಲು ವಿಭಾಗದಲ್ಲಿ ಕೊಟ್ರೆ ಸ್ವೀಕೃತಿ ಸೀಲ್ ತಗೊಳ್ಳಿ. ಹೊಸ ನಲ್ಲಿ, ಯುಜಿಡಿ ಕನೆಕ್ಷನ್‌ಗಾದ್ರೆ ಸರ್ಕಾರದ 'ಸಕಾಲ' ಯೋಜನೇಲಿ ಅರ್ಜಿ ಹಾಕಿ 15 ಅಂಕಿಯ ಜಿಎಸ್‌ಸಿ ನಂಬರ್ (ಅರ್ಜಿ ಸ್ವೀಕೃತಿ ನಂಬರ್) ಇಸ್ಕೊಳ್ಳಿ. ಖಾತೆ, ಕಂದಾಯ ರಸೀದಿ ಜೊತೆಗಿರಲಿ, ರೋಡ್ ಕಟಿಂಗ್ ಫೀ ಬೇರೆ ಕಟ್ಟಬೇಕು. ಪ್ಲಂಬರಿಗೆ ಒಂದೇ ಮಾತು ಹೇಳಿ, ನಲ್ಲಿ ಪೈಪ್ ಚರಂಡಿ ಒಳಗೆ ದಾಟಿಸಬಾರದು, ಕೆಳಗಿಂದ ದಾಟಿಸೋದು ಅನಿವಾರ್ಯ ಆದ್ರೆ ಹೊರಗೆ ಇನ್ನೊಂದು ದಪ್ಪ ಪೈಪ್ ಹಾಕಿ ಅದರೊಳಗೆ ಎಳೀಬೇಕು.

"ದುಡ್ಡಿಲ್ಲ" ಅನ್ನೋ ಉತ್ತರ ಬಂದ್ರೆ ಕೇಳಬೇಕಾದ ಪ್ರಶ್ನೆ ಒಂದಿದೆ. 15ನೇ ಹಣಕಾಸು ಆಯೋಗದ ಶಿಫಾರಸಲ್ಲಿ, 2021-22ರಿಂದ 2025-26ರ ತನಕ, ಹತ್ತು ಲಕ್ಷಕ್ಕಿಂತ ಕಮ್ಮಿ ಜನ ಇರೋ ಊರುಗಳ ಅನುದಾನದಲ್ಲಿ ಶೇ. 60ನ್ನ ಬೇರೆ ಯಾವುದಕ್ಕೂ ಬಳಸಬಾರದು ಅಂತಿತ್ತು, ಅರ್ಧ ಕುಡಿಯೋ ನೀರು, ಮಳೆನೀರು ಕೊಯ್ಲು, ಮರುಬಳಕೆಗೆ, ಅರ್ಧ ಸ್ವಚ್ಛತೆಗೆ. ಆ ದುಡ್ಡಲ್ಲಿ ನಮ್ಮ ವಾರ್ಡಲ್ಲಿ ಯಾವ ಕೆಲಸ ಆಗಿದೆ ಅಂತ ಮಾಹಿತಿ ಹಕ್ಕಲ್ಲಿ ಒಂದು ಪುಟದ ಅರ್ಜಿ, ಹತ್ತು ರೂಪಾಯಿ ಫೀ. ಜಗಳಕ್ಕಿಂತ ಇದು ವಾಸಿ.

ಕೊಳಕು ನೀರು ಸಂಪಿಗೆ ಬಂದುಬಿಟ್ರೆ

ನೀರು ಬಂದ್ ಮಾಡಿ, ಸಂಪ್ ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೀರಿ. ಆಮೇಲೆ ಟ್ಯಾಂಕರ್ ನೀರೋ ಒಳ್ಳೇ ನೀರೋ ತುಂಬಿ, ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಪುಡಿ ಹಂಗೇ ಎರಚಬೇಡಿ, ಒಂದು ಪ್ಲಾಸ್ಟಿಕ್ ಮಗ್ಗಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಥರ ಕದಡಿ, ಬಕೆಟಿಗೆ ಸುರಿದು ನೀರು ಸೇರಿಸಿ, ಸುಣ್ಣ ತಳಕ್ಕೆ ಕೂರೋ ತನಕ ಬಿಟ್ಟು ಮೇಲಿನ ತಿಳಿ ಮಾತ್ರ ಸಂಪಿಗೆ. ಒಂದು ಗಂಟೆ ಬಿಟ್ಟು ಓಟಿ ಹಾಕಿ ನೋಡಿ, ತಿಳಿ ಹಳದಿ ಬಂದ್ರೆ ಸರಿ. ತೆರೆದಿಟ್ಟ ಹಳೇ ಪುಡೀಲಿ ಶಕ್ತಿ ಇರಲ್ಲ, ಅಂಗಡಿಯಿಂದ ಹೊಸ ಪ್ಯಾಕೆಟ್ಟೇ ತನ್ನಿ. ಇಷ್ಟೆಲ್ಲ ಮಾಡಿದ ಮೇಲೂ ಕುಡಿಯೋ ನೀರನ್ನ ಕುದಿಸಿಯೇ ಕುಡೀರಿ. ಮನೇಲಿ ಯಾರಿಗಾದ್ರೂ ಭೇದಿ ಶುರುವಾಗಿದ್ರೆ ನೀರಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸಿ ಅಂತ ನಗರಸಭೆ ಆರೋಗ್ಯ ವಿಭಾಗಕ್ಕೂ ಆಸ್ಪತ್ರೆಗೂ ಇಬ್ಬರಿಗೂ ತಿಳಿಸಿ.

ಯುಜಿಡಿ ಇನ್ನೂ ಬಂದಿಲ್ಲದ ಬೀದಿಯೋರಿಗೆ

ಸೆಪ್ಟಿಕ್ ಟ್ಯಾಂಕ್ ತುಂಬಿ ಉಕ್ಕೋ ತನಕ ಕಾಯಬೇಡಿ, ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡ್ಸಿ, ಬೇಸಿಗೇಲೇ ಮಾಡ್ಸಿ, ಮಳೆಗಾಲದಲ್ಲಿ ಜಲ ಏರಿರುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿದ್ರೆ ಹೊರಗಿನ ಒತ್ತಡಕ್ಕೆ ಗೋಡೆ ಬಿರುಕು ಬಿಡೋದು, ಪ್ಲಾಸ್ಟಿಕ್ ಟ್ಯಾಂಕ್ ಆದ್ರೆ ಮೇಲೇಳೋದು ಎರಡೂ ಆಗುತ್ತೆ. ಗಾಡಿ ಸಹಾಯವಾಣಿ ನಂಬರ್ 14420. ಪ್ರೈವೇಟ್ ಗಾಡಿ ಕರೆಸಿದ್ರೆ ರೇಟ್ ಮಾತಾಡೋಕೆ ಮುಂಚೆ ತಗೊಂಡು ಹೋಗಿ ಎಲ್ಲಿ ಸುರೀತೀರಿ ಅಂತ ಕೇಳಿ. ಎಸ್‌ಟಿಪಿಗೆ ಅಂದ್ರೆ ಸರಿ, "ಅದೆಲ್ಲ ನಾವ್ ನೋಡ್ಕೋತೀವಿ ಬಿಡಿ ಸಾರ್" ಅಂದ್ರೆ ಬೇರೆ ಗಾಡಿ ಕರೀರಿ.